‘ಜಿಲ್ಲಿ’ ಎಂದು ಬರೆದುಕೊಟ್ಟ ಕೈ

ನೀವು ಕೊಂಡ ವಸ್ತುವಿನ ಜೊತೆ ಬಂದ ಚೀಟಿಯನ್ನು ಎಂದಾದರೂ ಓದಿದ್ದೀರಾ? ಸಹಿ ಇದೆಯೇ, ಮೊಹರು ಬಿದ್ದಿದೆಯೇ ಎಂದು ನೋಡಿರುತ್ತೀರಿ, ಒಪ್ಪುತ್ತೇನೆ. ಅದರಲ್ಲಿ ಬರೆದಿರುವುದು ಏನೆಂದು ಓದಿದ್ದೀರಾ? ಓದಿ ಅರ್ಥವಾಗದಿದ್ದಾಗ, ಮಾರಿದವನನ್ನಲ್ಲ, ಬರೆದವರನ್ನು ಕೇಳುವ ಶ್ರಮ ತೆಗೆದುಕೊಂಡಿದ್ದೀರಾ? ಈ ಕೊನೆಯ ಎರಡು ಪ್ರಶ್ನೆಗಳಿಗೆ ಹೌದು ಎನ್ನಬಲ್ಲವರು ನಮ್ಮ ನಡುವೆ ಹೆಚ್ಚು ಜನ ಇದ್ದಿದ್ದರೆ ಮುಳಬಾಗಿಲಿನ ವೆಂಕಟರತ್ನಮ್ಮನವರ ಮೇಜಿನ ಮೇಲೆ ಇವತ್ತು ವಕೀಲರ ನೋಟಿಸು ಇರುತ್ತಿರಲಿಲ್ಲ.

ಬೆಳಗಿನ ಐದೂವರೆ. ಹಳೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಯಾವ ಬಾಗಿಲೂ ತೆರೆದಿಲ್ಲ. ಒಂದು ಪುಟ್ಟ ಫೋಟೊ ಸ್ಟುಡಿಯೊದ ಹಿಂಬದಿಯ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಐವತ್ತೊಂಬತ್ತು ವರ್ಷದ ವೆಂಕಟರತ್ನಮ್ಮ ಕೈಯನ್ನು ಎರಡು ಬಾರಿ ಸೋಪಿನಲ್ಲಿ ತೊಳೆದು, ಒರೆಸದೆ ಗಾಳಿಯಲ್ಲೇ ಆರಿಸಿಕೊಂಡು, ಬಿಳಿ ಪಂಚೆಯ ತುಂಡು ಹಾಸಿದ ಮೇಜಿನ ಮುಂದೆ ಕೂರುತ್ತಾರೆ. ಬಸ್ಸುಗಳು ಓಡಾಡಲು ತೊಡಗಿದರೆ ಧೂಳು ಏಳುತ್ತದೆ; ಬಿಚ್ಚಿದ ಕ್ಯಾಮೆರಾದೊಳಗೆ ಧೂಳಿನ ಒಂದು ಕಣ ಹೋದರೂ ಇಡೀ ದಿನದ ದುಡಿಮೆ ವ್ಯರ್ಥ. ಆದ್ದರಿಂದ ಅವರ ಕೆಲಸದ ಹೊತ್ತು ಬೆಳಗಿನ ಒಂಬತ್ತಕ್ಕೆ ಮುಗಿಯುತ್ತದೆ. ಆ ಮೂರೂವರೆ ಗಂಟೆಯಲ್ಲಿ ಎರಡು ಕ್ಯಾಮೆರಾ, ಹೆಚ್ಚೆಂದರೆ ಮೂರು. ಮೂವತ್ತೊಂದು ವರ್ಷಗಳಿಂದ ಇದೇ ಲೆಕ್ಕ.

ಅವರ ಮುಂದಿರುವವು ರೀಲು ಹಾಕುವ ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾಗಳು. ಇವುಗಳ ಕಿಂಡಿಯಲ್ಲಿ ಕಣ್ಣಿಟ್ಟರೆ ಎದುರಿನವರ ಮುಖ ಮೊದಲು ಎರಡಾಗಿ ಕಾಣುತ್ತದೆ. ಲೆನ್ಸಿನ ಉಂಗುರ ತಿರುಗಿಸುತ್ತ ಹೋದಂತೆ ಎರಡು ಮುಖಗಳೂ ಒಂದರೊಳಗೊಂದು ಸೇರುತ್ತವೆ. ಸೇರಿದ ಕ್ಷಣದಲ್ಲಿ ಗುಂಡಿ ಒತ್ತಿದರೆ ಚಿತ್ರ ಸ್ಪಷ್ಟ. ಮೊಬೈಲು ಫೋನುಗಳ ಈ ಕಾಲದಲ್ಲೂ ಇವನ್ನು ಹುಡುಕಿ ಕೊಳ್ಳುವವರಿದ್ದಾರೆ, ಹಾಗಾಗಿ ಇವುಗಳ ಹೆಸರಿನಲ್ಲಿ ಮೋಸ ಮಾಡುವವರೂ ಇದ್ದಾರೆ. ಯಾವುದು ಗಟ್ಟಿ, ಯಾವುದು ಟೊಳ್ಳು ಎಂದು ಕೈಯಲ್ಲಿ ಹಿಡಿದೇ ಹೇಳಬಲ್ಲವರು ವಿರಳ. ವೆಂಕಟರತ್ನಮ್ಮ ಕಣ್ಣು ಮುಚ್ಚಿ ಹೇಳುತ್ತಾರೆ.

ಮೊದಲು ಒಂದು ಜಪಾನಿನ ಯಾಶಿಕಾ. ಅದನ್ನು ಪತ್ರಿಕೆಯಿಂದ ಬಂದ ನನ್ನ ಕಿವಿಯ ಬಳಿ ಹಿಡಿದು, ರೀಲು ಮುಂದಕ್ಕೆ ಸರಿಸುವ ಸನ್ನೆಕೋಲನ್ನು ಹೆಬ್ಬೆರಳಿನಿಂದ ಎಳೆಯುತ್ತಾರೆ. “ಕೇಳಿಸ್ತಾ ಮೇಷ್ಟ್ರೇ? ಟಕ್ ಅಂತು ನೋಡಿ, ಅದು ಬಂದ್ರೆ ಒಳಗಿನ ರಬ್ಬರು ಇನ್ನೂ ಬದುಕಿದೆ ಅಂತ. ಬರ್ಲಿಲ್ಲ ಅಂದ್ರೆ ಕರಗಿ ಅಂಟಾಗಿದೆ ಅಂತ.” ಆಮೇಲೆ ಜರ್ಮನಿಯ ಲೈಕಾ, ಬೆಂಗಳೂರಿನ ಯಾರೋ ವೈದ್ಯರು ದುರಸ್ತಿಗೆ ಕಳಿಸಿದ್ದು. ಅದರ ಸನ್ನೆಕೋಲನ್ನು ಎಳೆಯುವಾಗ ಅವರ ಮುಖ ಸಡಿಲವಾಗುತ್ತದೆ. “ಎಲ್ಲಾರೂ ಬೆಣ್ಣೆ ಬೆಣ್ಣೆ ಅಂತಾರೆ ಇದನ್ನ. ಬೆಣ್ಣೆ ಅಲ್ಲ ಸಾರ್, ಬೆಣ್ಣೆ ಜಾರತ್ತೆ. ಇದು ನೂಲು. ಬಿಸಿನೀರಲ್ಲಿ ಬೆಂದ ರೇಷ್ಮೆ ಗೂಡಿಂದ ಎಳೆ ಬಂದಂಗೆ ಬರತ್ತೆ, ಮೊದ್ಲಿಂದ ಕೊನೇವರ್ಗೂ ಒಂದೇ ಬಿಗಿ.” ಮೂರನೆಯದು ಹಳೆಯ ರಷ್ಯನ್ ಕ್ಯಾಮೆರಾ. ಒರಟಾಗಿ, ಭಾರವಾಗಿ, ಕರಕರ ಎನ್ನುತ್ತ ತಿರುಗುತ್ತದೆ. “ಇದು ಎತ್ತಿನ ಗಾಡಿ. ಆದ್ರೆ ಗಾಡಿ ಅಂತ್ಲೇ ಹೇಳ್ಕೊಂಡು ಬರತ್ತೆ ನೋಡಿ, ಅದಕ್ಕೆ ನಂಗಿಷ್ಟ.”

ನಾನು ಅವರ ಕೌಶಲವನ್ನು ಮೆಚ್ಚಲು ಹೋಗಿರಲಿಲ್ಲ. ಸಂಶಯ ಹೊತ್ತು ಹೋಗಿದ್ದೆ. ಮಾಲೂರಿನಲ್ಲಿ ನೆಲೆಸಿರುವ ನಿವೃತ್ತ ಬ್ಯಾಂಕ್ ಅಧಿಕಾರಿ ಮುರಳಿಮೋಹನ್ ಅವರು ಪತ್ರಿಕೆಗೆ ಬರೆದ ದೂರು ನನ್ನ ಚೀಲದಲ್ಲಿತ್ತು. ಅವರು ಕೊಂಡ ಕ್ಯಾಮೆರಾವೂ ಇತ್ತು. ಲೈಕಾ ಎಂದು ನಂಬಿಸಿ ಮಾರಲಾದ ಆ ಕ್ಯಾಮೆರಾ ಮೂರನೆಯ ರೀಲಿಗೇ ಕೆಟ್ಟಿತು. ಅದರ ಜೊತೆಗೆ ‘ಮುಳಬಾಗಿಲಿನ ಅಮ್ಮ ಪರೀಕ್ಷಿಸಿದ್ದು’ ಎಂಬ ಹೆಗ್ಗಳಿಕೆಯೊಂದಿಗೆ ಒಂದು ಚೀಟಿ ಕೊಟ್ಟಿದ್ದರು. ಗೆರೆ ಎಳೆದ ನೋಟುಪುಸ್ತಕದ ಅರ್ಧ ಹಾಳೆ, ಸ್ಟುಡಿಯೊದ ಮೊಹರು, ಕ್ಯಾಮೆರಾದ ನಂಬರು, ತಾರೀಖು, ಒಂದೇ ಒಂದು ಪದ, ಕೆಳಗೆ ವೆಂಕಟರತ್ನಮ್ಮನವರ ಸಹಿ. ಇಷ್ಟಕ್ಕೂ ಲ್ಯಾಮಿನೇಷನ್ ಮಾಡಿಸಿದ್ದರು. ಸುಳ್ಳು ಚೀಟಿ ಕೊಟ್ಟು ವಂಚನೆಗೆ ನೆರವಾಗಿದ್ದೀರಿ, ಹದಿನೈದು ದಿನಗಳೊಳಗೆ ಉತ್ತರಿಸಿ ಎಂದು ಮುರಳಿಮೋಹನ್ ನೋಟಿಸು ಕಳಿಸಿದ್ದರು. ನಾನು ಹೋದದ್ದು ಒಂಬತ್ತನೆಯ ದಿನ.

ಆ ಸ್ಟುಡಿಯೊದ ಮುಂಭಾಗದಲ್ಲಿ ಒಂದು ಜೆರಾಕ್ಸ್ ಯಂತ್ರವೂ ಲ್ಯಾಮಿನೇಷನ್ ಯಂತ್ರವೂ ಅಕ್ಕಪಕ್ಕದಲ್ಲಿ ಕುಳಿತಿವೆ. ಅವುಗಳ ಒಡೆಯರು ವೆಂಕಟರತ್ನಮ್ಮನವರ ಪತಿ ಶ್ರೀನಿವಾಸಪ್ಪ. ಒಂದು ಕಾಲಕ್ಕೆ ಬೈರಕೂರಿನಿಂದ ಯಲ್ದೂರಿನವರೆಗೆ ಮದುವೆಯ ಫೋಟೊ ತೆಗೆದವರು, ಈಗ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಾರೆ. ಹೆಂಡತಿಯ ಚೀಟಿ, ಗಂಡನ ಯಂತ್ರ: ಇವೆರಡನ್ನೂ ಕೂಡಿಸಲು ಎಷ್ಟು ಹೊತ್ತು ಬೇಕು? ಚೀಟಿಯನ್ನು ಅವರ ಮುಂದಿಟ್ಟು ನೇರವಾಗಿಯೇ ಕೇಳಿದೆ.

ಶ್ರೀನಿವಾಸಪ್ಪ ಸಿಟ್ಟಾಗಲಿಲ್ಲ. ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. “ಮೂಲೆ ನೋಡಿ ಸಾರ್. ಚೂಪಾಗಿದೆ. ನಾನು ಯಾವತ್ತೂ ಮೂಲೆ ದುಂಡಗೆ ಕತ್ತರಿಸೋದು, ಜೇಬಲ್ಲಿಟ್ರೆ ಚುಚ್ಚಬಾರ್ದಲ್ಲ. ಕಳ್ಳತನ ಮಾಡೋದಾದ್ರೂ ಇಷ್ಟು ಕೆಟ್ಟದಾಗಿ ಮಾಡಲ್ಲ ನಾನು.”

“ಏಮಂಡಿ, ಜೋಕು ಆಮೇಲೆ,” ಎಂದು ಗಂಡನನ್ನು ಗದರುತ್ತ ಒಳಗಿನಿಂದ ಬಂದ ವೆಂಕಟರತ್ನಮ್ಮ ಚೀಟಿಯನ್ನು ಕೈಗೆ ತೆಗೆದುಕೊಂಡರು. ಅದು ಖೋಟಾ ಎಂದು ಹೇಳುತ್ತಾರೆಂದು ನಾನು ಕಾದಿದ್ದೆ. ಅವರು ಹೇಳಿದ್ದು ಬೇರೆ. “ನಂದೇ ಅಕ್ಷರ. ನಾನೇ ಬರ್‍ದಿದ್ದು. ಸರಿಯಾಗೇ ಬರ್‍ದಿದೀನಲ್ಲ?”

ಚೀಟಿಯ ಮೇಲಿದ್ದ ಪದ ‘ಜಿಲ್ಲಿ’.

ಈ ಪದದ ಅರ್ಥ ತಿಳಿಯಲು ವೆಂಕಟರತ್ನಮ್ಮನವರ ತವರಿಗೆ ಹೋಗಬೇಕು. ಅವರು ಹುತ್ತೂರಿನವರು. ತಂದೆ ಮುನಿರಾಮಪ್ಪನವರು ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕಿದವರು. ಗೂಡು ಬಿಡಿಸುವ ದಿನಗಳಲ್ಲಿ ಬಾಲಕಿ ರತ್ನಳಿಗೆ ಶಾಲೆ ಇರುತ್ತಿರಲಿಲ್ಲ. ಎಂಟನೆಯ ತರಗತಿಯ ನಂತರ ಯಾವ ದಿನವೂ ಇರಲಿಲ್ಲ. ಪ್ರತಿ ಗೂಡನ್ನೂ ಎರಡು ಬೆರಳಲ್ಲಿ ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ ವಿಂಗಡಿಸುವುದು ಅವಳ ಪಾಲಿನ ಕೆಲಸ. ಒತ್ತಿದರೆ ಬಗ್ಗದ ಗೂಡು ಗಟ್ಟಿ. ಒಳ್ಳೆಯವನ್ನೆಲ್ಲ ಬಿಡಿಸಿಕೊಂಡ ಮೇಲೆ ಉಳಿಯುವ, ಹೊರಗೆ ಗೂಡಿನಂತೆಯೇ ಕಾಣುವ, ಒತ್ತಿದರೆ ಅಪ್ಪಚ್ಚಿಯಾಗುವ, ನೂಲು ಬಾರದ ತೆಳುಗೂಡು ಜಿಲ್ಲಿ.

“ಅಪ್ಪ ಒಂದು ಮಾತು ಹೇಳ್ಕೊಟ್ಟಿದ್ರು. ಮಾರ್ಕೆಟ್ಟಲ್ಲಿ ಇನ್ನೊಬ್ರ ಮಾಲು ಕೆಟ್ಟದ್ದು, ಮೋಸ ಅಂತ ಬಾಯಿಬಿಟ್ಟು ಹೇಳ್ಬಾರ್ದು ಅಂತ. ಅವ್ರೂ ಹುಳ ಸಾಕಿ ನಿದ್ದೆಗೆಟ್ಟಿರ್ತಾರೆ. ಜಿಲ್ಲಿ ಅಂದ್ರೆ ಸಾಕು, ಗೊತ್ತಿರೋರಿಗೆ ಗೊತ್ತಾಗತ್ತೆ. ಅದೇ ಅಭ್ಯಾಸ ಇಲ್ಲಿಗೂ ಬಂತು.” ಹಾಗೆ ಅವರ ಚೀಟಿಯಲ್ಲಿ ಮೂರೇ ಬಗೆಯ ತೀರ್ಪು: ‘ಗಟ್ಟಿ’, ‘ರಿಪೇರಿ ಆಗುತ್ತೆ’, ‘ಜಿಲ್ಲಿ’.

ಮದುವೆಯಾಗಿ ಬಂದ ಹೊಸತರಲ್ಲಿ ಶ್ರೀನಿವಾಸಪ್ಪನವರ ಕ್ಯಾಮೆರಾ ಕೆಟ್ಟರೆ ಬೆಂಗಳೂರಿಗೆ ಒಯ್ಯಬೇಕಿತ್ತು. ಅವರ ದಪ್ಪ ಬೆರಳಿಗೆ ಸಾಸಿವೆಯಷ್ಟು ಸ್ಕ್ರೂ ನಿಲ್ಲುತ್ತಿರಲಿಲ್ಲ. ಹೆಂಡತಿಯ ಬೆರಳಿಗೆ ನಿಂತಿತು. ಆದರೆ ಆರಂಭದಲ್ಲೇ ಒಂದು ಎಡವಟ್ಟಾಯಿತು. “ಹಳೇ ಕ್ಯಾಮೆರಾ ಒಂದು ಮಾರಾಟಕ್ಕೆ ಬಂದಿತ್ತು,” ಎಂದು ಶ್ರೀನಿವಾಸಪ್ಪ ಉತ್ಸಾಹದಿಂದ ಹೇಳುತ್ತಾರೆ. “ಇವ್ಳು ಕಿವಿ ಹತ್ರ ಇಟ್ಕೊಂಡು ಅಲ್ಲಾಡಿಸಿ, ಸದ್ದು ಚೆನ್ನಾಗಿದೆ, ತಗೊಳ್ಳಿ ಅಂದ್ಲು. ತಗೊಂಡೆ. ಬಿಚ್ಚಿ ನೋಡಿದ್ರೆ ಒಳಗೆ ಮೂರು ಸ್ಕ್ರೂ ಉದುರಿ ಬಿದ್ದಿತ್ತು.”

“ಗೂಡಲ್ಲಿ ಸದ್ದು ಬಂದ್ರೆ ಹುಳ ಚೆನ್ನಾಗಿ ಬಲ್ತಿದೆ ಅಂತ ಲೆಕ್ಕ. ನಂಗೇನ್ ಗೊತ್ತಿತ್ತು, ಕ್ಯಾಮೆರಾದಲ್ಲಿ ಹುಳ ಇರಲ್ಲ ಅಂತ,” ಎನ್ನುತ್ತಾರೆ ಆಕೆ, ನಗದೆ.

ಈಗ ಅವರು ಮುರಳಿಮೋಹನ್ ಅವರ ‘ಲೈಕಾ’ದ ಲೆನ್ಸನ್ನು ತಿರುಗಿಸಿ ಬಿಚ್ಚಿ, ಕ್ಯಾಮೆರಾದ ಬಾಯಿಯೊಳಗೆ ಟಾರ್ಚು ಬಿಡುತ್ತಾರೆ. “ಇಲ್ಲಿ ನೋಡಿ ಮೇಷ್ಟ್ರೇ. ಲೆನ್ಸಿಗೆ ತಾಗೋ ಈ ಕಡ್ಡಿ ತುದೀಲಿ ಸಣ್ಣ ಚಕ್ರ ಇರ್ಬೇಕು, ಅಸಲಿ ಆಗಿದ್ರೆ. ಇದ್ರಲ್ಲಿ ಚಕ್ರ ಇಲ್ಲ, ಉಳಿ ಬಾಯಿ ತರ ಇದೆ. ಇದು ರಷ್ಯನ್ದು. ಮೇಲೆ ಹೆಸರು ಉಜ್ಜಿ ತೆಗ್ದು ಲೈಕಾ ಅಂತ ಕೆತ್ತಿದಾರೆ. ಅದ್ರದ್ದೇ ಹೆಸರಲ್ಲಿ ಬಂದಿದ್ರೆ ರಿಪೇರಿ ಆಗುತ್ತೆ ಅಂತ ಬರೀತಿದ್ದೆ. ಬೇರೇರ ಹೆಸರು ಹಾಕ್ಕೊಂಡು ಬಂತು, ಜಿಲ್ಲಿ ಅಂತ ಬರ್‍ದೆ.”

ಇಂಥ ಕ್ಯಾಮೆರಾಗಳನ್ನು ಪರೀಕ್ಷೆಗೆ ತಂದುಕೊಡುತ್ತಿದ್ದವನು ಬೆಂಗಳೂರಿನಿಂದ ಎರಡು ವರ್ಷ ತಿಂಗಳಿಗೊಮ್ಮೆ ತಪ್ಪದೆ ಬಂದ ಒಬ್ಬ ವ್ಯಾಪಾರಿ. ದಂಪತಿಗಳು ಅವನ ಹೆಸರು ಕೇಳಿರಲಿಲ್ಲ. ದೊಡ್ಡ ಚೀಲ ಹೊತ್ತು ಬರುತ್ತಿದ್ದುದರಿಂದ ‘ಬ್ಯಾಗ್ ಸಾರು’ ಎನ್ನುತ್ತಿದ್ದರು. ಹೆಸರು ಕೇಳದಿರುವುದು ಅವರ ತಪ್ಪೇ, ಅದನ್ನು ನಾನು ಮುಚ್ಚಿಡುವುದಿಲ್ಲ. ಈ ತಿಂಗಳು ಅವನು ಬಂದಿಲ್ಲ, ನೋಟಿಸು ಬಂದಾಗಿನಿಂದ ಅವನ ಫೋನೂ ಹೋಗುತ್ತಿಲ್ಲ.

“ಗಟ್ಟಿ ಅಂತ ಬರ್‍ದ ಚೀಟೀನ ಹಂಗೇ ಜೇಬಿಗೆ ತುರುಕ್ಕೊತಿದ್ದ,” ಎಂದು ವೆಂಕಟರತ್ನಮ್ಮ ನೆನೆಯುತ್ತಾರೆ. “ಜಿಲ್ಲಿ ಅಂತ ಬರ್‍ದಿದ್ದನ್ನ ಮಾತ್ರ ಜೋಪಾನವಾಗಿ ಮಡಿಸಿ ಡೈರಿ ಒಳಗಿಡ್ತಿದ್ದ. ಕೆಟ್ಟದ್ದು ಅಂತ ಬರ್‍ಕೊಟ್ಟಿದ್ದನ್ನ ಯಾರಾದ್ರೂ ಅಷ್ಟು ಜೋಪಾನ ಮಾಡ್ತಾರಾ? ಅವತ್ತೇ ಅನುಮಾನ ಬರ್ಬೇಕಿತ್ತು ನಂಗೆ. ಕ್ಯಾಮೆರಾ ಅಲ್ಲಾಡಿಸ್ದೆ, ಮನುಷ್ಯನ್ನ ಅಲ್ಲಾಡಿಸ್ಲಿಲ್ಲ.”

ಅಲ್ಲಿಂದಲೇ ಮುರಳಿಮೋಹನ್ ಅವರಿಗೆ ಫೋನು ಮಾಡಿದೆ. ಚೀಟಿಯ ಪದಕ್ಕೆ ಏನರ್ಥ ಎಂದು ತಿಳಿದುಕೊಂಡಿರಿ ಎಂದು ಕೇಳಿದೆ.

“ಜಿಲ್ಲಿ ಅಂದ್ರೆ ಆ ಅಮ್ಮ ಕೊಡೋ ಫಸ್ಟ್ ಗ್ರೇಡು, ವರ್ಷಕ್ಕೆ ನಾಲ್ಕೈದಕ್ಕೆ ಮಾತ್ರ ಕೊಡ್ತಾರೆ ಅಂದ್ರು.”

“ಯಾರು ಅಂದರು?”

“ಮಾರಿದವ್ರು.”

“ಬರೆದವರನ್ನು ಕೇಳಿದಿರಾ? ಮಾಲೂರಿನಿಂದ ಮುಳಬಾಗಿಲು ಎಷ್ಟು ದೂರ?”

“ಕೇಳ್ಲಿಲ್ಲ,” ಎಂದರು. ರೇಷ್ಮೆ ಬೆಳೆಯುವ ಜಿಲ್ಲೆಯಲ್ಲಿ ಮನೆ ಕಟ್ಟಿಕೊಂಡು, ಅಕ್ಷರ ಬಲ್ಲ ಒಬ್ಬ ಮನುಷ್ಯ, ಪಕ್ಕದ ಮನೆಯ ರೈತನನ್ನು ಕೇಳಿದ್ದರೂ ತಿಳಿಯುತ್ತಿದ್ದ ಪದವನ್ನು ಲ್ಯಾಮಿನೇಷನ್ನಿನ ಹೊಳಪು ನೋಡಿ ನಂಬಿದರು. ಅವರೊಬ್ಬರನ್ನೇ ಏಕೆ ದೂರಲಿ? ಆ ಪದವನ್ನು ಓದಿ, ಅರ್ಥ ಗೊತ್ತಿಲ್ಲದೆಯೇ, ಆಪಾದನೆಯನ್ನು ಮಾತ್ರ ಸಿದ್ಧಮಾಡಿಕೊಂಡು ನಾನೂ ಬಸ್ಸು ಹತ್ತಿದ್ದೆ. ನಮ್ಮ ಶಿಕ್ಷಣ ನಮಗೆ ಸಹಿಯನ್ನು ಗೌರವಿಸಲು ಕಲಿಸಿದೆ, ವಾಕ್ಯವನ್ನು ಓದಲು ಕಲಿಸಿಲ್ಲ. ಇದನ್ನು ವಂಚಕರು ನಮಗಿಂತ ಚೆನ್ನಾಗಿ ಅರಿತಿದ್ದಾರೆ. ಅವರು ಒಂದಕ್ಷರವನ್ನೂ ತಿದ್ದಲಿಲ್ಲ. ತಿದ್ದುವ ಅಗತ್ಯವೇ ಬೀಳಲಿಲ್ಲ.

ಕೊನೆಗೆ ಮುರಳಿಮೋಹನ್ ಹೇಳಿದರು: “ನೀವು ಹೇಳೋದು ನಿಜ ಇರ್ಬಹುದು. ವಕೀಲ್ರನ್ನ ಕೇಳಿ ಹೇಳ್ತೀನಿ.” ಸಂಜೆ ಅವರೇ ಫೋನು ಮಾಡಿದರು. ವಕೀಲರ ಮಾತು ಸ್ಪಷ್ಟವಾಗಿತ್ತು. ಪದಕ್ಕೆ ಈ ಅರ್ಥವನ್ನು ಆಕೆ ಸಿಕ್ಕಿಬಿದ್ದ ಮೇಲೆ ಕಟ್ಟಿದ್ದಲ್ಲ ಎನ್ನುವುದಕ್ಕೆ ಏನು ಸಾಕ್ಷಿ? ಒಂದು ಚೀಟಿಯಿಂದ ಏನೂ ತಿಳಿಯುವುದಿಲ್ಲ. ಬೇರೆ ಚೀಟಿಗಳು ಸಿಗಲಿ. ‘ಗಟ್ಟಿ’ ಎಂದದ್ದೆಲ್ಲ ಅಸಲಿ, ‘ಜಿಲ್ಲಿ’ ಎಂದದ್ದೆಲ್ಲ ನಕಲಿ ಎಂದಾದರೆ ನೋಟಿಸು ಹಿಂದಕ್ಕೆ ಪಡೆಯೋಣ.

ನನಗೆ ಸಿಟ್ಟು ಬಂತು. ವೆಂಕಟರತ್ನಮ್ಮನವರಿಗೆ ಬರಲಿಲ್ಲ. “ಸರಿಯಾಗೇ ಕೇಳಿದಾರೆ. ನಾನಾದ್ರೂ ಒಂದು ಗೂಡು ನೋಡಿ ಇಡೀ ಮಾಲು ಹೆಂಗಿದೆ ಅಂತ ಹೇಳಲ್ಲ,” ಎಂದರು. ಆದರೆ ಚೀಟಿಗಳು ಅವರ ಬಳಿ ಇಲ್ಲ. ಬರೆದು ಕೊಟ್ಟಿದ್ದಾರೆ, ಕೊಂಡವರು ಒಯ್ದಿದ್ದಾರೆ. ‘ಜಿಲ್ಲಿ’ ಎಂದು ಬರೆದದ್ದು ಮೂವತ್ತರ ಮೇಲಿರಬೇಕು ಎಂದು ಅವರ ಅಂದಾಜು. ಮೂವತ್ತು ಮನೆಗಳ ಬೀರುಗಳಲ್ಲಿ ಅವರ ಸಹಿ, ತಿರುವುಮುರುವಾದ ಅರ್ಥ ಹೊತ್ತು, ಕುಳಿತಿದೆ.

ನೋಟಿಸು ಬಂದ ದಿನದಿಂದ ಅವರು ಒಂದು ಚೀಟಿಯನ್ನೂ ಬರೆದಿಲ್ಲ. ಪರೀಕ್ಷೆ ಮುಗಿದ ಏಳು ಕ್ಯಾಮೆರಾಗಳು ಕಪಾಟಿನಲ್ಲಿ ಸಾಲಾಗಿ ಕುಳಿತಿವೆ. ಅವುಗಳ ಪಕ್ಕದಲ್ಲಿ ನೋಟುಪುಸ್ತಕ, ಮುಚ್ಚಳ ಹಾಕಿದ ಪೆನ್ನು. ನಿಮ್ಮ ಆಸೆಯೇನು ಎಂದು ಕೇಳಿದಾಗ ಅವರು ಆ ಪೆನ್ನನ್ನೇ ನೋಡಿದರು. “ಕ್ಯಾಮೆರಾ ರಿಪೇರಿ ಯಾರಾದ್ರೂ ಮಾಡ್ತಾರೆ ಸಾರ್. ಇದು ಇಂಥದ್ದು ಅಂತ ಬರ್‍ದು ಕೆಳಗೆ ಹೆಸರು ಹಾಕ್ತಿದ್ನಲ್ಲ, ಅದು ನಂದು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟೋಳ ಸಹಿಗೆ ಬೆಲೆ ಬಂದಿತ್ತು. ಮತ್ತೆ ಬರೀಬೇಕು. ಇನ್ಮೇಲೆ ಒಂದು ಪದ ಸಾಲ್ದು, ಜಿಲ್ಲಿ, ತಗೋಬೇಡಿ ಅಂತ ಪೂರ್ತಿ ಬರೀತೀನಿ.”

ಇದು ಅಚ್ಚಾಗುವ ಭಾನುವಾರಕ್ಕೆ ನೋಟಿಸಿಗೆ ಉತ್ತರಿಸಲು ಅವರಿಗೆ ಉಳಿದಿರುವುದು ನಾಲ್ಕು ದಿನ. ಕಳೆದ ಎರಡು ವರ್ಷಗಳಲ್ಲಿ ಹಳೆಯ ಕ್ಯಾಮೆರಾ ಕೊಂಡವರು ಈ ಪುಟವನ್ನು ಓದುತ್ತಿದ್ದರೆ, ಇದನ್ನು ಕೆಳಗಿಟ್ಟು ಎದ್ದೇಳಿ. ಬೀರು ತೆರೆದು ಆ ಚೀಟಿಯನ್ನು ಹೊರತೆಗೆಯಿರಿ. ಮೊಹರನ್ನು ಬಿಡಿ, ಸಹಿಯನ್ನು ಬಿಡಿ, ನಡುವಿನ ಪದವನ್ನು ಗಟ್ಟಿಯಾಗಿ ಓದಿ. ನಿಮಗೆ ಬೇಸರ ತರುವ ಪದವೇ ಅಲ್ಲಿರಬಹುದು. ಆದರೂ ಚೀಟಿಯನ್ನೂ ಕ್ಯಾಮೆರಾವನ್ನೂ ತೆಗೆದುಕೊಂಡು ಮುಳಬಾಗಿಲಿನ ಹಳೆಯ ಬಸ್ ನಿಲ್ದಾಣದ ಹಿಂದಿನ ಓಣಿಗೆ ಬನ್ನಿ. ಬೆಳಗ್ಗೆ ಐದೂವರೆಗೇ ಅಲ್ಲಿ ದೀಪ ಉರಿಯುತ್ತಿರುತ್ತದೆ. ಮಾರಿದವನು ನಿಮಗೆ ಏನು ಹೇಳಿದ್ದನೋ ಅದನ್ನು ಬರೆದವರ ಮುಂದೆ ನಿಂತು ಹೇಳಿ.