ಟೈಲರಣ್ಣನ ಅರ್ಧ ಇಂಚು

ನಲವತ್ತಾರನೇ ವಯಸ್ಸಿನಲ್ಲಿ ಟೈಲರಣ್ಣನಿಗೆ ತೋಳು ಬೆಳೆಸುವ ಹುಚ್ಚು ಹಿಡಿಯಿತು. ಅಂಗಡಿಯ ಮಹಡಿಯ ಮೇಲೇ ಜಿಮ್ಮು. ಅಲ್ಲಿ ಕಬ್ಬಿಣ ಧೊಪ್ಪೆಂದಾಗಲೆಲ್ಲ ಕೆಳಗೆ ಹೊಲಿಗೆ ಯಂತ್ರ ನಡುಗುತ್ತಿತ್ತು. ಒಂದು ದಿನ ಮೇಲೆ ಹತ್ತಿಹೋದವನು, "ಮೂರು ತಿಂಗಳಲ್ಲಿ ಒಂದೂವರೆ ಇಂಚು ಏರಿಸ್ತೀನಿ, ನೀವೇ ಎಲ್ಲರೆದುರಿಗೆ ಅಳೀರಿ ಸರ್" ಎಂದು ತರಬೇತುದಾರನಿಗೆ ಮಾತು ಕೊಟ್ಟೇ ಇಳಿದ. ಬಾಯಿಗೆ ಬೀಗ ಎಂಬುದು ಈ ಆಸಾಮಿಗೆ ಹುಟ್ಟಿನಿಂದಲೇ ಇರಲಿಲ್ಲ.

ಬರುವಾಗ ಒಂದು ಪುಡಿಯ ಡಬ್ಬಿಯನ್ನೂ ತಂದ. ಮೇಲೆ ಹಸಿರೆಲೆಯ ಚಿತ್ರ.

"ಗಂಡಸಿನ ಹಾರ್ಮೋನು ಏರಿಸುತ್ತಂತೆ ಕಣೇ. ಬರೀ ಗಿಡಮೂಲಿಕೆ, ಏನೂ ಆಗಲ್ಲ."

ಅಂಗಿಯ ಗುಂಡಿಗೆ ಕಾಜ ಹೊಲಿಯುತ್ತಿದ್ದ ಹೆಂಡತಿ ತಲೆಯೆತ್ತಿದಳು. "ಎಲೆ ಬರೆದ ಮಾತ್ರಕ್ಕೆ ಗಿಡದ್ದು ಆಗ್ಬಿಡುತ್ತಾ? ಔಷಧಿ ಅಂಗಡಿಯವರನ್ನ ಒಂದ್ಮಾತು ಕೇಳ್ರೀ."

ಕೇಳುವ ಜಾಯಮಾನವೇ ಅಲ್ಲ ಅವನದು. ಮೂಗು ಮುಚ್ಚಿಕೊಂಡು ಕುಡಿದ, ಕೆಟ್ಟ ಕಹಿ. ಎರಡನೇ ವಾರಕ್ಕೆ ಕಹಿ ಮಾಯ. "ನೋಡು, ಮೈ ಒಗ್ಗಿಕೊಂಡ್ತು!" ಎಂದು ಬೀಗಿದ.

ಅಂಗಿ ಅಳೆಯುವ ಟೇಪಿನಿಂದಲೇ ದಿನಾ ಬೆಳಿಗ್ಗೆ ತೋಳು ಅಳೆದುಕೊಳ್ಳುತ್ತಿದ್ದ. ಹದಿಮೂರಿದ್ದದ್ದು ಹದಿನಾಲ್ಕೂವರೆ ಆಯಿತು. ಅದೇ ಹೊತ್ತಿಗೆ ಹೊಲಿದು ಕೊಟ್ಟ ಅಂಗಿಗಳು ದೊಗಲೆಯೆಂದು ವಾಪಸು ಬರತೊಡಗಿದವು. "ಎಲ್ಲರೂ ಸೊರಗ್ತಿದಾರೆ ಕಣೇ, ನಾನೊಬ್ನೇ ಬೆಳೀತಿದೀನಿ" ಎಂದು ಗಿರಾಕಿಗಳಿಗಾಗಿ ಮರುಗಿದ, ಪಾಪ.

ಜಿಮ್ಮಿನಲ್ಲಿ ತೋಳು ಅಳೆಯುವ ಮುನ್ನಾದಿನ, ಶನಿವಾರ ಮಧ್ಯಾಹ್ನ, ನಾಲ್ಕನೇ ದೊಗಲೆ ಅಂಗಿ ಬಂತು. ಹೆಂಡತಿ ಎದ್ದು, ಬಟ್ಟೆ ಕತ್ತರಿಸುವ ಮೇಜಿನ ಇಪ್ಪತ್ತನಾಲ್ಕು ಇಂಚಿನ ಮರದ ಸ್ಕೇಲಿನ ಪಕ್ಕ ಟೇಪನ್ನು ಮಲಗಿಸಿದಳು. ಟೇಪಿನ ಇಪ್ಪತ್ತನಾಲ್ಕು ಮುಗಿದರೂ ಸ್ಕೇಲು ಇನ್ನೂ ಒಂದೂವರೆ ಇಂಚು ಮಿಕ್ಕಿತ್ತು.

"ಇದಕ್ಕೆ ಇಸ್ತ್ರಿ ಹಾಕಿದ್ರಾ?"

"ಸುರುಳಿ ಸುತ್ಕೊಳ್ತಿತ್ತು ಅಂತ... ಹೋದ ತಿಂಗಳು, ಒಂದೇ ಒಂದ್ಸಲ."

ಬಿಸಿಗೆ ಪ್ಲಾಸ್ಟಿಕ್ ಟೇಪು ಕುಗ್ಗಿತ್ತು. ಅದರಲ್ಲಿ ಅಳೆದು ಸ್ಕೇಲಿನಲ್ಲಿ ಗುರುತು ಹಾಕಿದರೆ ಅಂಗಿ ದೊಗಲೆಯಾಗದೆ ಇನ್ನೇನಾದೀತು? ಟೈಲರಣ್ಣ ಟೇಪನ್ನೊಮ್ಮೆ, ತನ್ನ ತೋಳನ್ನೊಮ್ಮೆ ನೋಡಿದ. ಸ್ಟೂಲಿನ ಮೇಲೆ ಕುಸಿದು ಕೂತ.

"ನಾಳೆ ಯಾವ ಮುಖ ಹೊತ್ಕೊಂಡು ಮೇಲೆ ಹೋಗ್ಲಿ?"

ಅವಳು ನೂಲು ಹರಿದು ಅವನ ತೋಳಿಗೆ ಸುತ್ತಿ, ಬಿಚ್ಚಿ ಸ್ಕೇಲಿನ ಮೇಲೆ ಹಿಡಿದಳು. ಹದಿಮೂರೂವರೆ.

"ಅರ್ಧ ಇಂಚು ನಿಜವಾಗ್ಲೂ ಬಂದಿದೆ ಕಣ್ರೀ."

"ಅದೂ ಪುಡಿ ದಯೆ" ಎಂದು ಗೊಣಗಿದ.

"ಪುಡಿ ಎಲ್ಲಿತ್ತು? ಇಂಥದ್ರಲ್ಲಿ ಏನೇನೋ ಬೆರೆಸಿರ್ತಾರೆ, ಇರೋ ಹಾರ್ಮೋನೂ ಕೆಡಬಹುದು ಅಂದ್ರು ಔಷಧಿ ಅಂಗಡಿಯವರು. ನಂಗೆ ಜೀವ ಹೋದಂಗಾಯ್ತು. ಎರಡನೇ ವಾರವೇ ಎಲ್ಲಾ ಚೆಲ್ಲಿ ಹುರಿಗಡಲೆ ಹಿಟ್ಟು ತುಂಬಿಟ್ಟೆ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ನೂಲಿನ ತುಂಡನ್ನು ಕೈಯಲ್ಲಿ ಹಿಡಿದು ನೋಡುತ್ತಲೇ ಕೂತ.

"ಹಾಗಾದ್ರೆ ಇದಿಷ್ಟೂ ನಂದೇನಾ?"

"ನಿಮ್ದಲ್ದೆ ಇನ್ಯಾರ್ದು?"

ಭಾನುವಾರ ಜಿಮ್ಮಿನಲ್ಲಿ ಎಲ್ಲರೆದುರು ಟೈಲರಣ್ಣ ತಾನೇ ಮುಂದೆ ಬಂದ. "ಒಂದೂವರೆ ಅಂದಿದ್ದೆ ಸರ್. ಬಂದಿರೋದು ಅರ್ಧ." ಕೆಲವರು ಕಿಸಕ್ಕೆಂದರು. ತರಬೇತುದಾರ ನಗದೆ ಟೇಪು ತೆಗೆದ.

"ಅದೆಲ್ಲ ಬೇಡ ಬಿಡಿ ಸರ್" ಎಂದ ಟೈಲರಣ್ಣ, ಎದೆಯುಬ್ಬಿಸಿ. "ನನ್ ಹೆಂಡ್ತಿ ಅಳ್ದಿದಾಳೆ."