ಕಮಲಕ್ಕನ ದನಿ ಇದ್ದ ಡಿಸ್ಕು

ಕಳೆದ ವರ್ಷ ದಸರಾ ಮುಗಿದ ವಾರದ ಮಾತು. ಕೋಣಂದೂರಿನಲ್ಲಿ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಆಗ ಹತ್ತು ವರ್ಷ ತುಂಬಿತ್ತು. ಮಾಲೀಕ, ಮೆಕ್ಯಾನಿಕ್, ಚಹಾ ತರುವವನು ಎಲ್ಲ ನಾನೇ. ಈ ಮೂವರ ಪರವಾಗಿ ಚಿಂತೆ ಮಾಡುವವನೂ ನಾನೇ. ಹಳೆಯ ಗಿರಾಕಿ ಬಾಗಿಲಲ್ಲಿ ಕಂಡರೆ ಸಾಕು, ಹಿಂದಿನ ಸಲ ಏನು ಕೆಡಿಸಿ ಕಳಿಸಿದ್ದೆನೋ ಎಂದು ಎದೆ ಹೊಡೆದುಕೊಳ್ಳುತ್ತದೆ.

ಅವತ್ತು ಬಂದವರು ಅರಳಸುರಳಿಯ ಕಮಲಕ್ಕ, ಅವರ ಸೊಸೆ ಸುನೀತಾ, ಅವಳ ಸೊಂಟದ ಮೇಲೆ ಎರಡು ವರ್ಷದ ಮಗಳು. ಜತೆಗೊಂದು ಹಳೆಯ ಲ್ಯಾಪ್‌ಟಾಪ್. ವಿಂಡೋಸ್ ಹೊರಲಾರದೆ ಏದುಸಿರು ಬಿಡುತ್ತಿದ್ದ ಅದಕ್ಕೆ ಹಗುರವಾದ ಲಿನಕ್ಸ್ ಹಾಕಿಕೊಟ್ಟವನು ನಾನೇ.

"ಅಣ್ಣ, ಸಿನಿಮಾ ಡಿಸ್ಕ್ ಓಡ್ತಾ ಇಲ್ಲ. ಗರಗರ ಅಂತದೆ, ಸುಮ್ನಾಗ್ತದೆ," ಎಂದಳು ಸುನೀತಾ. "ಒಳಗೇ ಇದೆ ನೋಡಿ. ಅತ್ತೆ ದನಿ ಉಳಿದಿರೋದು ಅದೊಂದರಲ್ಲೇ."

ಮೊಮ್ಮಗಳು ಹುಟ್ಟುವ ಮೊದಲೇ ಕಮಲಕ್ಕನಿಗೆ ಗಂಟಲಿನ ಆಪರೇಷನ್ ಆಗಿ ದನಿ ಹೋಗಿತ್ತು. ಹಳೆಯ ವಿಡಿಯೋಗಳು ಆಗಿನ ಮೊಬೈಲಿನ ಜತೆಗೇ ಹೊಳೆ ಪಾಲಾಗಿದ್ದವು. ಉಳಿದದ್ದು ಬಹಳ ಹಿಂದೆ ನಿಟ್ಟೂರಿನ ಹತ್ತಿರ ತೆಗೆದ ಒಂದು ಸಿನಿಮಾ. ಅದು ಥಿಯೇಟರಿಗೆ ಬರಲೇ ಇಲ್ಲ. ಪಾತ್ರ ಮಾಡಿದ ಊರಿನವರಿಗೆ ಒಂದೊಂದು ಡಿವಿಡಿ ಕೊಟ್ಟಿದ್ದರಂತೆ. ಕಮಲಕ್ಕನದು ತಾಯಿಯ ಪಾತ್ರ, ಒಂದೇ ಮಾತು. ಆ ಮಾತನ್ನು ಮಗುವಿಗೆ ಕೇಳಿಸಬೇಕಿತ್ತು.

ನಾನು ಹಾಕಿದ ಲಿನಕ್ಸೇ ಆ ದನಿಗೆ ಅಡ್ಡ ನಿಂತಿದೆ ಎಂದು ನನಗೆ ಖಾತ್ರಿಯಾಯಿತು. ನಕಲು ಮಾಡದಂತೆ ಬೀಗ ಹಾಕಿದ ಡಿವಿಡಿ ತೆರೆಯಲು ಲಿನಕ್ಸಿಗೆ ಲಿಬ್‌ಡಿವಿಡಿಸಿಎಸ್‌ಎಸ್ ಎಂಬ ಒಂದು ತುಣುಕು ಬೇಕು. ಅದನ್ನು ಹಾಕಿದೆ. ಗರಗರ ಮುಂದುವರಿಯಿತು. ಆಮೇಲೆ ರೀಜನ್ ಕೋಡ್, ಅಂದರೆ ಯಾವ ದೇಶದ ಡಿಸ್ಕು ಎಲ್ಲಿ ಓಡಬೇಕೆಂಬ ಗುರುತು. ಡ್ರೈವಿನಲ್ಲಿ ಅದನ್ನು ಬದಲಿಸಲು ಐದೇ ಅವಕಾಶ, ಆಮೇಲೆ ಶಾಶ್ವತ. ಅದು ನೆನಪಾಗಿ ಏನನ್ನೂ ಒತ್ತದೆ ಬರೀ ನೋಡಿದೆ. ಪುಣ್ಯಕ್ಕೆ ಕೋಡ್ ಸರಿಯಾಗೇ ಇತ್ತು.

ಕಮಲಕ್ಕ ಮೊಬೈಲಿನಲ್ಲಿ ಏನೋ ಟೈಪ್ ಮಾಡಿ, ಓದು ಎಂಬಂತೆ ನನ್ನ ಮುಖದ ಮುಂದೆ ಹಿಡಿದರು. "ಎಂತ ಮಾರಾಯ, ನಿನ್ನ ಲಿನಕ್ಸಿಗೆ ನನ್ನ ದನಿ ಅಂದ್ರೆ ಹೆದರಿಕೆಯಾ?"

ಕೊನೆಗೆ ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ನೋಡಿದರೆ ಸಾಲು ಸಾಲು ರೀಡ್ ಎರರ್, ಅಂದರೆ ಓದಲಾಗುತ್ತಿಲ್ಲ ಎಂಬ ದೂರು. ಬೀಗದ ಮಾತು ಹಾಗಿರಲಿ, ಡ್ರೈವಿಗೆ ಡಿಸ್ಕೇ ಕಾಣುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಈ ತಜ್ಞನಿಗೆ ಟ್ರೇ ತೆರೆಯುವ ಬುದ್ಧಿ ಬಂತು.

ಡಿಸ್ಕನ್ನು ಎತ್ತಿ ತಿರುವಿದರೆ ಅದರ ಹೊಳೆಯುವ ಮೈ ಮೇಲೆ ದುಂಡಗೆ ಗಂಧ, ಅದರ ಮೇಲೆ ಕುಂಕುಮ, ಅಂಟಿಕೊಂಡ ಒಂದು ಅಕ್ಷತೆ ಕಾಳು. ಡಿಸ್ಕು ಓದುವ ಟ್ರೇಯ ಪುಟ್ಟ ಲೆನ್ಸಿನ ಮೇಲೂ ಕೆಂಪು ಧೂಳು.

"ಆಯುಧಪೂಜೆಗೆ ಇಟ್ಟಿದ್ವಿ," ಎಂದಳು ಸುನೀತಾ ಮೆಲ್ಲಗೆ. "ಕತ್ತಿ, ಮಿಕ್ಸಿ, ಸ್ಕೂಟಿ ಜತೆಗೆ."

"ಇಡಿ, ಬೇಡ ಅಂದವರ‍್ಯಾರು? ಹೊಳೆಯೋ ಕಡೆಗೇ ಯಾಕೆ ಹಚ್ಚಿದ್ರಿ?"

ಮೊಬೈಲಿನ ಮೇಲೆ ಕಮಲಕ್ಕನ ಬೆರಳು ಮತ್ತೆ ಓಡಿತು. "ಬೆನ್ನಿಗೆ ಯಾರಾದ್ರೂ ಕುಂಕುಮ ಇಡ್ತಾರಾ?"

ಉಗುರುಬೆಚ್ಚಗಿನ ನೀರಿನಲ್ಲಿ ಮೆತ್ತನೆಯ ಬಟ್ಟೆ ಅದ್ದಿ ಗಂಧ ನೆನೆಸಿದೆ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತ ಉಜ್ಜಿದರೆ ಗೀರು ಬೀಳುತ್ತದೆ. ಗೀರು ಬಿದ್ದರೆ ಆ ದನಿ ಇನ್ನೆಲ್ಲೂ ಇಲ್ಲ. ಕಮಲಕ್ಕ ನನ್ನ ಭುಜದ ಮೇಲೆ ಕೈಯಿಟ್ಟು ನಿಂತರು. ಲೆನ್ಸಿಗೆ ಗಾಳಿ ಊದಿ, ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿದೆ.

ಡಿಸ್ಕು ತಿರುಗಿತು. ಪರದೆಯಲ್ಲಿ ತಲೆಗೂದಲೆಲ್ಲ ಕಪ್ಪಗಿದ್ದ ಕಮಲಕ್ಕ ಬಾಗಿಲಿಗೆ ಬಂದು ಕೂಗಿದರು: "ಏ ತಮ್ಮಾ, ಗಂಜಿ ತಣಿದು ಹೋಗ್ತದೆ, ಬಾರೋ ಒಳಗೆ."

ಮಗು ಪರದೆ ನೋಡಿತು, ಅಜ್ಜಿಯನ್ನು ನೋಡಿತು. ಸುನೀತಾ ಸೆರಗು ಬಾಯಿಗೊತ್ತಿಕೊಂಡಳು. ಕಮಲಕ್ಕ ಕಣ್ಣೊರೆಸಿಕೊಂಡು ಒತ್ತಿದರು: "ಇಷ್ಟು ಕೀರಲಾ ನನ್ನ ದನಿ?"

ಸಿನಿಮಾವನ್ನು ಪೆನ್‌ಡ್ರೈವಿಗೆ ಇಳಿಸಿದೆ. ಅದು ಕೆಟ್ಟರೆ ಎಂದು ಇನ್ನೊಂದಕ್ಕೆ. ಎರಡೂ ಕೆಟ್ಟರೆ ಎಂದು ಅಂಗಡಿಯಲ್ಲೂ ಒಂದು ಪ್ರತಿ ಇಟ್ಟುಕೊಂಡೆ.

ಯಂತ್ರ ಬಂದ ಕೂಡಲೇ ಏನು ಕೆಟ್ಟಿದೆ ಎಂದು ಕೇಳುವುದನ್ನು ಅವತ್ತಿನಿಂದ ಬಿಟ್ಟೆ. ಮನೆಯಲ್ಲಿ ಇದನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂದು ಮೊದಲು ಕೇಳುತ್ತೇನೆ. ನನ್ನ ಬಳಿ ಬರುವ ಎಷ್ಟೋ ಯಂತ್ರಗಳು ಕೆಟ್ಟಿರುವುದು ಅತಿ ಜೋಪಾನದಿಂದ. ಇದನ್ನು ಕಲಿಸಿದ ಆ ಮನೆಯವರಿಗೆ ನಾನು ಋಣಿ.

ವಾರದ ಮೇಲೆ ಸುನೀತಾಳ ಫೋನ್ ಬಂತು. ಅಭ್ಯಾಸದಂತೆ ಎದೆ ಹೊಡೆದುಕೊಂಡಿತು.

"ಎಂತಾಯ್ತು? ಮತ್ತೆ ಓಡ್ತಾ ಇಲ್ವಾ?"

"ಓಡ್ತದೆ ಅಣ್ಣ. ಈಗ ಮನೇಲಿ ಎಲ್ಲರನ್ನೂ ಊಟಕ್ಕೆ ಕರೆಯೋದು ಮಗಳೇ. 'ಬಾರೋ ಒಳಗೆ' ಅಂತ, ಸಿನಿಮಾದ ಅತ್ತೆ ರಾಗದಲ್ಲೇ. ಅತ್ತೆನೂ ಬಂದು ಕೂರ್ತಾರೆ."