ಒಂದೇ ಸರಳಿನ ಎರಡು ಲೋಹ

ಕುರುಗೋಡಿನ ನಮ್ಮ ಮನೆಯ ಮುಂದಿನ ಚಪ್ಪರದಲ್ಲಿ ಒಂದು ಲೇತು ಇತ್ತು, ಕಬ್ಬಿಣವನ್ನು ತಿರುಗಿಸಿ ಕಡೆಯುವ ಯಂತ್ರ. ನಮ್ಮ ಯಜಮಾನರು ಬಳ್ಳಾರಿಯ ಹತ್ತಿ ಪ್ರೆಸ್ಸಿನಲ್ಲಿ ಆ ಕೆಲಸ ಕಲಿತವರು. ಅಲ್ಲೇ ಹಾರಿದ ಚೂರೊಂದು ಅವರ ಎಡಗಣ್ಣನ್ನು ತಿಂದಿತ್ತು. ಉಳಿದ ಒಂದೇ ಕಣ್ಣಿಟ್ಟು ಅವರು ಉಳಿ ಹಿಡಿಯುತ್ತಿದ್ದರು. ಹಗ್ಗ ಸುತ್ತಿದ ದೊಡ್ಡ ಗಾಲಿಯನ್ನು ನಾನು ತಿರುವುತ್ತಿದ್ದೆ. ತಿರುವುವಷ್ಟು ಹೊತ್ತೂ ನನ್ನ ಜೀವ ಆ ಕಣ್ಣಿನ ಮೇಲೆ.

ವೇಗಕ್ಕೆ ನಮ್ಮ ಲೆಕ್ಕವೆಂದರೆ ಹಾಡು. ಮೆತ್ತನೆಯ ಕಬ್ಬಿಣಕ್ಕೆ ಜೋಳ ಬೀಸುವ ಹಾಡಿನ ಓಟ, ಉಕ್ಕಿಗೆ ತೊಟ್ಟಿಲ ಹಾಡಿನ ನಿಧಾನ. ಉಕ್ಕನ್ನು ಅವಸರಿಸಿದರೆ ಉಳಿಯ ಮೂತಿ ಸುಟ್ಟು ಮೊಂಡಾಗುತ್ತದೆ, ಇಲ್ಲವೇ ಮುರಿದು ಹಾರುತ್ತದೆ. ಉಳಿಯೂ ಬೇರೆ. ಕಬ್ಬಿಣಕ್ಕೆ ಚೂಪು ಮೂತಿಯದು ಸಾಕು. ಉಕ್ಕಿಗೆ ದಪ್ಪ ಮೂತಿಯದು ಬೇಕು, ಅದನ್ನು ಕಾಸುವಾಗ ಒಣ ಜೋಳದ ರವದಿಯ ತಿಳಿಹಳದಿ ಬಣ್ಣ ಬಂದ ಕೂಡಲೇ ನೀರಿಗೆ ಅದ್ದಬೇಕು. ನೀಲಿಗೆ ತಿರುಗಿತೋ, ಹದ ಹೋಯಿತು.

ಒಂದು ಮುಂಜಾನೆ ಸಿರುಗುಪ್ಪದಿಂದ ನನ್ನ ತಮ್ಮ ಬಂಡಿ ಹೂಡಿಕೊಂಡು ಬಂದ. ಅವನು ಅಲ್ಲಿ ಕಮ್ಮಾರ. ಹತ್ತಿ ಬಿಡಿಸುವ ಯಂತ್ರದಲ್ಲಿ ತಿರುಗುವ ಅಚ್ಚಿಗೆಂದು ತಾನೇ ಬಡಿದ ಸರಳು ತಂದಿದ್ದ.

"ಮಾವಾ, ಯಂತ್ರದ ಸಾವ್ಕಾರ ಬೆನ್ನು ಹತ್ಯಾನ. ಲಗೂನ ಕಡದ ಕೊಡ್ರಿ."

ಯಜಮಾನರು ಸರಳಿನ ತುದಿಗೆ ಉಜ್ಜುವ ಅರ ಎಳೆದು ನೋಡಿದರು. ಅರ ಸಲೀಸಾಗಿ ಕಚ್ಚಿತು, ಮೆತ್ತನೆಯ ಕಬ್ಬಿಣ.

"ಬೆಣ್ಣಿ ಆಗೇತಲ್ಲಲೇ! ಈ ಗುಣಾನ ನಿಮ್ಮಕ್ಕಗ ಒಂದೀಟು ಕೊಟ್ಟು ಕಳಸಬೇಕಿತ್ತು."

"ಒಮ್ಮಿ ಕೊಟ್ಟ ಮಾಲು ವಾಪಸ್ ತಗೋಳಂಗಿಲ್ಲ ಮಾವಾ."

ನಗುತ್ತಲೇ ಚೂಪು ಉಳಿ ಹೂಡಿದರು. ನಾನು ಬೀಸುವ ಹಾಡು ಹಿಡಿದೆ. ಬಿಳಿ ಸಿಪ್ಪೆ ಉದ್ದುದ್ದ ಸುರುಳಿಯಾಗಿ ಇಳಿಯುತ್ತಿತ್ತು. ಅರ್ಧ ಸರಳು ಮುಗಿದಿರಬೇಕು, ಇದ್ದಕ್ಕಿದ್ದಂತೆ ಉಳಿಯ ದನಿ ಕೀರಲಾಯಿತು. ಗಾಲಿಯ ಹಿಡಿಕೆ ನನ್ನ ಕೈಯಲ್ಲಿ ಭಾರವಾಯಿತು.

"ರೀ, ದನಿ ಬ್ಯಾರೆ ಬರಾಕತ್ತೇತಿ."

"ಯಾಕ ತಡದಿ? ತಿರುವು ಸುಮ್ನ!"

ಸಿಪ್ಪೆ ಪುಡಿಪುಡಿಯಾಗಿ, ನೀಲಿಯಾಗಿ ಉದುರತೊಡಗಿತು. ನೀಲಿ ಅನ್ನಲು ನಾನು ಬಾಯಿ ತೆರೆದೆ, ಅಷ್ಟರಲ್ಲಿ ಉಳಿಯ ಮೂತಿ ಟಕ್ ಎಂದು ಮುರಿದು ಹಾರಿತು. ಯಜಮಾನರು ಎರಡೂ ಕೈಯಲ್ಲಿ ಬಲಗಣ್ಣು ಮುಚ್ಚಿಕೊಂಡು ಕುಸಿದರು.

ತಮ್ಮ ಅಲ್ಲೇ ಬಿಳಿಚಿಕೊಂಡು ನಿಂತ. "ಅಲ್ಲಿ ಉಕ್ಕು ಹಚ್ಚೇನಿ ಮಾವಾ, ತಿರುಗಿ ಸವೆಯೋ ಜಾಗಕ್ಕ. ನಿಮಗ ಗೊತ್ತಿರ್ತೈತಿ ಅಂದ್ಕೊಂಡೆ."

ಉಕ್ಕು ತುಟ್ಟಿ. ಅದಕ್ಕೇ ನಮ್ಮ ಕಡೆಯ ಕಮ್ಮಾರರು ನೇಗಿಲ ಕುಳಕ್ಕೆ ಹಚ್ಚುವ ಹಾಗೆ, ಸವೆಯುವಲ್ಲಿ ಮಾತ್ರ ಉಕ್ಕನ್ನು ಕಾಸಿ ಬೆಸೆಯುತ್ತಾರೆ. ಬಡಿದ ಮೇಲೆ ಬೆಸುಗೆ ಕಣ್ಣಿಗೆ ಕಾಣುವುದಿಲ್ಲ. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ. ಪ್ರೆಸ್ಸಿಗೆ ಬರುತ್ತಿದ್ದ ಸರಳುಗಳೋ, ತುದಿಯಿಂದ ತುದಿಗೆ ಒಂದೇ ಲೋಹ. ಯಜಮಾನರು ಒಂದು ತುದಿ ನೋಡಿ ಪೂರಾ ನಂಬಿದ್ದರು.

"ಕೈ ತಗೀರಿ," ಎಂದೆ.

"ಬ್ಯಾಡ. ತಗದ ಮ್ಯಾಲೂ ಕತ್ತಲ ಇದ್ರ?"

ಅವರ ದನಿಯಲ್ಲಿ ಅಂಥ ಅಂಜಿಕೆಯನ್ನು ನಾನು ಕೇಳಿರಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಿ, ತಮ್ಮನಿಗೆ ತಲೆ ಹಿಡಿಯಲು ಹೇಳಿ, ರೆಪ್ಪೆ ಎತ್ತಿದೆ. ಬಿಳಿಗುಡ್ಡೆಯ ಅಂಚಿನಲ್ಲಿ ಎಳ್ಳಿನ ತುದಿಯಷ್ಟು ಚೂರು, ಸುತ್ತಲೂ ಕೆಂಪು. ನಮ್ಮವ್ವ ಹೊಲದಲ್ಲಿ ಕಣ್ಣಿನ ಕಸ ತೆಗೆಯುತ್ತಿದ್ದುದು ನಾಲಗೆಯಿಂದ. ಕಸ ಬೇರೆ, ಉಕ್ಕು ಬೇರೆ, ಒಳಕ್ಕೆ ಒತ್ತಿಬಿಟ್ಟರೆ? ಬೇರೆ ದಾರಿ ತೋಚಲಿಲ್ಲ. ಉಸಿರು ಕಟ್ಟಿ ನಾಲಗೆ ಚಾಚಿದೆ. ಉಪ್ಪು ನೀರು ಹತ್ತಿತು, ಆಮೇಲೆ ಚುರುಕ್ಕೆಂದು ಚುಚ್ಚಿತು. ಅಂಗೈಗೆ ಉಗುಳಿ ನೋಡಿದೆ. ಬಂದಿತ್ತು.

ಹರಳೆಣ್ಣೆಯ ಹನಿ ಬಿಟ್ಟು, ಬಟ್ಟೆ ಕಟ್ಟಿ ಮಲಗಿಸಿದೆ. ಕಟ್ಟು ಬಿಚ್ಚುವ ತನಕ ಅವರಿಗೆ ಉಣ್ಣಿಸಿದ್ದು, ಕೈ ಹಿಡಿದು ಹಿತ್ತಿಲಿಗೆ ನಡೆಸಿದ್ದು ನಾನೇ. ನಡೆಸುವಾಗೆಲ್ಲ, ಇನ್ನು ಹೀಗೇ ಏನೋ ಎಂದು ಅಂಜುತ್ತಿದ್ದೆ.

ಕಟ್ಟು ಬಿಚ್ಚಿದ ಮೇಲೆ ಅವರು ನೆಟ್ಟಗೆ ಚಪ್ಪರಕ್ಕೆ ಹೋಗಿ, ಸರಳಿನ ಉದ್ದಕ್ಕೂ ಬೆರಳಗಲಕ್ಕೊಂದರಂತೆ ಅರ ಎಳೆದರು. ಅರ ಕಚ್ಚದೆ ಜಾರಿದಲ್ಲೆಲ್ಲ, ಅಂದರೆ ಉಕ್ಕಿದ್ದಲ್ಲೆಲ್ಲ, ಸುಣ್ಣದ ಗೆರೆ ಹಾಕಿದರು. ದಪ್ಪ ಮೂತಿಯ ಉಳಿ ಹೂಡಿ, "ಬಾ," ಎಂದರು.

ನಾನು ಗಾಲಿ ಮುಟ್ಟಲಿಲ್ಲ. ದೂರದಲ್ಲೇ ನಿಂತೆ. "ಮೊದ್ಲ ನನ್ನ ಮಾರಿ ನೋಡ್ರಿ. ಕುಂಕುಮ ಎಲ್ಲೈತಿ?"

ಅವರು ಕಣ್ಣು ಕಿರಿದು ಮಾಡಿದರು.

"ಯಾಕಲೇ, ಹುಬ್ಬಿನ ಮ್ಯಾಲ ಕುಂತೈತಿ?"

ಬೇಕೆಂದೇ ಅಲ್ಲಿ ಇಟ್ಟುಕೊಂಡಿದ್ದೆ. ಹೋಗಿ ಹಿಡಿಕೆ ಹಿಡಿದೆ. ಸುಣ್ಣದ ಗೆರೆ ನೋಡಿ ತೊಟ್ಟಿಲ ಹಾಡು ಎತ್ತಿದೆ. ನಿಧಾನವಾಗಿ ತಿರುವು ಎಂದು ಅವರು ಹೇಳಬೇಕಾಗಲಿಲ್ಲ.